ಹುಡುಕಿದವರಿಗೆ ಅಂಗಡಿ ಸಿಗಬೇಕು

ಬೇರೆಯವರ ಕೆಲಸದಲ್ಲಿ ನಗು ಯಾವಾಗಲೋ ಒಮ್ಮೆ ಬರುತ್ತದೇನೋ. ನನ್ನ ಕೆಲಸದಲ್ಲಿ ಮಾತ್ರ ನಾನು ಬೆಳಿಗ್ಗೆ ಬಂದು ಕೀಲಿ ತೆಗೆಯುವುದರೊಳಗೆ ಅದು ಕಟ್ಟೆಯ ಮೇಲೆ ಕೂತು ಕಾಯುತ್ತಿರುತ್ತದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಹಳ ವರ್ಷ ಟೈಪಿಂಗ್ ಕಲಿಸಿದವಳು. ಟೈಪಿಂಗ್ ಕಲಿಯುವವರು ಕಡಿಮೆಯಾದ ಮೇಲೆ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಓದಿ, ತಪ್ಪು ಮಾಡಿ, ತಿದ್ದಿಕೊಂಡು ಹೊಸ ಕೆಲಸ ಕಲಿತೆ. ಈಗ ಸುತ್ತಲಿನ ಸಣ್ಣ ಅಂಗಡಿ, ಖಾನಾವಳಿ, ಗಿರಣಿ, ಮಗ್ಗದ ಮನೆಗಳು ಇಂಟರ್ನೆಟ್‌ನಲ್ಲಿ ಹುಡುಕಿದವರಿಗೆ ಸಿಗುವ ಹಾಗೆ ಮಾಡಿಕೊಡುತ್ತೇನೆ. ದೊಡ್ಡ ಊರಿನವರು ಇದಕ್ಕೆ ಎಸ್‌ಇಒ ಅನ್ನುತ್ತಾರೆ. ನಮ್ಮ ಕಡೆ ಹಾಗೆ ಹೇಳಿದರೆ ಯಾವುದೋ ಸಾಹೇಬರು ತಪಾಸಣೆಗೆ ಬಂದರು ಅಂದುಕೊಂಡು ಎದ್ದು ನಿಲ್ಲುತ್ತಾರೆ. ಅದಕ್ಕೇ ನಾನು ಆ ಮೂರಕ್ಷರ ಬಳಸುವುದಿಲ್ಲ. ಸುಳ್ಳನ್ನೂ ಬರೆಯುವುದಿಲ್ಲ. ಈ ಎರಡು ನಿಯಮ ಇಟ್ಟುಕೊಂಡೇ ಇಷ್ಟು ದಿನ ಮರ್ಯಾದೆಯಿಂದ ಉಂಡಿದ್ದೇನೆ.

ಪೇಂಟರ್ ಬರೆದ ಸಾರಾಂಶ

ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಬೋರ್ಡ್ ಬರೆಸಲು ಹೋದೆ. ಚೀಟಿಯಲ್ಲಿ ನಾನು ಬರೆದುಕೊಟ್ಟಿದ್ದು ಹೀಗಿತ್ತು: 'ನಿಮ್ಮ ಅಂಗಡಿಯು ಇಂಟರ್ನೆಟ್‌ನಲ್ಲಿ ಹುಡುಕುವವರಿಗೆ ಸುಲಭವಾಗಿ ಸಿಗುವಂತೆ ಮಾಡಿಕೊಡಲಾಗುವುದು.'

ಮರುದಿನ ಪೇಂಟರ್ ಬೋರ್ಡ್ ತಂದು ನಿಲ್ಲಿಸಿದ. ಅದರ ಮೇಲೆ ದೊಡ್ಡ ಕೆಂಪಕ್ಷರದಲ್ಲಿ 'ಇಲ್ಲಿ ಹುಡುಕಿ ಕೊಡಲಾಗುವುದು' ಅಂತಿತ್ತು.

"ಉಳಿದದ್ದು ಎಲ್ಲಿ ಹೋತಪಾ?" ಅಂದೆ.

"ನೀವು ಬರದದ್ದು ಈ ತಗಡಿನಾಗ ಹಿಡಿಸೂದಿಲ್ರಿ ಮೇಡಂ. ಸಾರಾಂಶ ಬರದೇನಿ."

ಹೊಸ ಬೋರ್ಡ್ ಬರುವತನಕ ಇರಲಿ ಅಂತ ಅದನ್ನೇ ನೇತುಹಾಕಿದೆ. ಮೂರೇ ದಿನದಲ್ಲಿ ಒಬ್ಬ ತಾಯಿ ಮಗಳ ಜಾತಕ ಹಿಡಿದುಕೊಂಡು ಬಂದು, "ನೌಕರಿ ಇದ್ದ ಹುಡುಗನ್ನ ಹುಡುಕ್ರಿ" ಅಂದರು. ಅವರನ್ನು ಸಮಾಧಾನ ಮಾಡಿ ಕಳಿಸುವುದರೊಳಗೆ ರುಮಾಲು ಸುತ್ತಿದ ಹಿರಿಯರೊಬ್ಬರು ಒಳಗೆ ಬಂದು ಕೂತರು. ಅವರ ಎಮ್ಮೆ ಎರಡು ದಿನದಿಂದ ಕಾಣೆಯಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಎಡಗೋಡು ಕೆಳಗೆ ಬಾಗಿದೆ, ಬಾಲದ ತುದಿ ಬಿಳಿದು, ಒದೆಯುವ ಗುಣ ಇದೆ ಅಂತ ಎಲ್ಲ ವಿವರ ಹೇಳಿ ಮುಗಿಸಿದರು.

"ಯಜಮಾನ್ರ, ನಾ ಎಮ್ಮಿ ಹುಡುಕೂದಿಲ್ರಿ. ಅಂಗಡಿ ಸಿಗೂ ಹಂಗ ಮಾಡ್ತೇನಿ," ಅಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಂಗಡಿ ಎಲ್ಲಿ ಹೋಗ್ತಾವ ತಂಗಿ? ಕಟ್ಟಿದಲ್ಲೇ ಇರ್ತಾವು. ತಪ್ಪಿಸ್ಕೊಂಡು ಹೋಗೂದು ಎಮ್ಮಿ!"

ಗಂಟಲಲ್ಲಿ ಸಿಕ್ಕಿದ ಕರದಂಟು

ಅಮೀನಗಡದಲ್ಲಿ ಬಸ್ಸು ನಿಲ್ಲುವ ಕಡೆ ಕರದಂಟಿನ ಅಂಗಡಿ ಇಟ್ಟವರೊಬ್ಬರು ನನ್ನನ್ನು ಕರೆಸಿದರು. ಫೋನಿನಲ್ಲಿ ಯಾರೋ ಒಬ್ಬ 'ಹುಡುಕಿದರೆ ನಿಮ್ಮದೇ ಮೊದಲನೇ ನಂಬರ್, ಗ್ಯಾರಂಟಿ' ಅಂತ ನಂಬಿಸಿ ಅವರ ಅಂಗಡಿಗೊಂದು ಪುಟ ಮಾಡಿಕೊಟ್ಟಿದ್ದ. ಪುಟ ಇತ್ತು, ಗಿರಾಕಿ ಇರಲಿಲ್ಲ. ಓದಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಅದೇ ನಾಲ್ಕು ಶಬ್ದ ಹಿಂದೆಮುಂದೆ ತಿರುಗುತ್ತಿದ್ದವು.

"ಇದು ಯಾಕ ಉಪಯೋಗಿಲ್ಲ, ಹೇಳ್ರಿ ಮೇಡಂ," ಅಂದರು ಮಾಲೀಕರು.

"ನಾ ಹೇಳೂದು ಬ್ಯಾಡ್ರಿ. ಈಗ ಬರೂ ಗಿರಾಕಿ ಮುಂದ ಇದನ್ನ ನೀವ ಜೋರಾಗಿ ಓದ್ರಿ," ಅಂದೆ.

ಅಷ್ಟರಲ್ಲಿ ಬಸ್ಸು ನಿಂತು ಒಬ್ಬ ಅಜ್ಜಿ ಇಳಿದು ಬಂದರು. ಮಾಲೀಕರು ಚಷ್ಮಾ ಏರಿಸಿ, ಕೆಮ್ಮಿ, ಓದಲು ಶುರು ಮಾಡಿದರು: "ಅಮೀನಗಡ ಕರದಂಟು, ಬೆಸ್ಟ್ ಕರದಂಟು ಅಮೀನಗಡ, ಅಮೀನಗಡ ಬೆಸ್ಟ್ ಕರದಂಟು, ಕರದಂಟು ಅಂಗಡಿ ಅಮೀನಗಡ ಕರದಂಟು, ಕರದಂಟು ಬೆಸ್ಟ್..."

ಅಜ್ಜಿ ಗಾಬರಿಯಾಗಿ ಚೀಲದಿಂದ ನೀರಿನ ಬಾಟಲಿ ತೆಗೆದು ಮುಂದೆ ಚಾಚಿದರು. "ಯಪ್ಪಾ, ಗಂಟಲಾಗ ಸಿಕ್ಕೊಂಡೈತೇನ? ಮದಲ ನೀರು ಕುಡಿ!"

ಆ ಪುಟವನ್ನು ಅಂದೇ ಅಳಿಸಿದೆವು. ನಾನು ಮಧ್ಯಾಹ್ನದ ತನಕ ಅಂಗಡಿಯ ಮೂಲೆಯಲ್ಲಿ ಕೂತು, ಬಸ್ಸಿಳಿದವರು ಕೇಳುವ ಪ್ರಶ್ನೆಗಳನ್ನೆಲ್ಲ ಬರೆದುಕೊಂಡೆ. ಎಷ್ಟು ದಿನ ಇಟ್ಟರೆ ಕೆಡುವುದಿಲ್ಲ? ಬೆಲ್ಲದ್ದೋ ಸಕ್ಕರೆಯದ್ದೋ? ಬಾಣಂತಿಗೆ ಯಾವುದು ಕೊಡಬೇಕು? ಅಂಟು ಅಂದರೆ ಏನು, ಅದನ್ನು ಯಾವುದರಲ್ಲಿ ಕರಿಯುತ್ತೀರಿ? ಮಾಲೀಕರು ಹೇಳಿದ ಉತ್ತರಗಳನ್ನೇ ಪುಟಕ್ಕೆ ಹಾಕಿದೆ. ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರರನ್ನು ಕೇಳಿ ತಿನ್ನಬೇಕು ಅನ್ನುವುದನ್ನೂ ಅವರೇ ಹೇಳಿ ಬರೆಸಿದರು. ಹೀಗೆ ಬರೆದರೆ ವ್ಯಾಪಾರ ಕಡಿಮೆಯಾದೀತು ಅಂತ ಅವರ ತಮ್ಮ ಗೊಣಗಿದ. "ತಿಂದು ಮಲಗಿದವರು ಎರಡನೇ ಸಲ ಬರ್ತಾರೇನಲೇ?" ಅಂತ ಅಣ್ಣ ಅವನ ಬಾಯಿ ಮುಚ್ಚಿಸಿದರು. ಅವರ ಬಗ್ಗೆ ನನಗೆ ಅಲ್ಲೇ ಅಭಿಮಾನ ಹುಟ್ಟಿತು.

ಕೆಲವು ತಿಂಗಳ ನಂತರ ಅವರು ಫೋನ್ ಮಾಡಿದರು. ದನಿ ಸಪ್ಪಗಿತ್ತು. ಏನಾಯಿತು ಅಂತ ಕೇಳಿದೆ.

"ವ್ಯಾಪಾರ ಚಲೋ ಐತ್ರಿ ಮೇಡಂ. ಆದ್ರ ಬಂದವರೆಲ್ಲ ಮದ್ಲ ಓದ್ಕೊಂಡ ಬರ್ತಾರು. ಕಟ್ಟಿ ಕೊಡ್ರಿ ಅಂತಾರು, ಹೋಗ್ತಾರು. ನಾ ಇನ್ನ ಗಿರಾಕಿ ಜೋಡಿ ಏನ್ ಮಾತಾಡ್ಲಿ?"

ಗಿರಣಿಯ ವೇಳೆ

ಕಮತಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರಿಗೆ ಇಂಟರ್ನೆಟ್ ನಕಾಶೆಯಲ್ಲಿ ಹೆಸರು ಹಾಕಿಕೊಡುತ್ತಿದ್ದೆ. ತೆರೆಯುವ ವೇಳೆ, ಮುಚ್ಚುವ ವೇಳೆ ತುಂಬಬೇಕಿತ್ತು.

"ಎಷ್ಟಕ್ಕ ತೆಗೀತೀರಿ?"

"ಕರೆಂಟ್ ಬಂದಾಗ."

"ಮುಚ್ಚೂದು?"

"ಕರೆಂಟ್ ಹೋದಾಗ."

"ಮಧ್ಯಾಹ್ನ ಊಟಕ್ಕ ಎಷ್ಟೊತ್ತು ಬಂದ್ ಇರ್ತೈತ್ರಿ?"

"ಕರೆಂಟ್ ಇದ್ರ ಊಟ ಇಲ್ಲ, ಊಟ ನಡದೈತಿ ಅಂದ್ರ ಕರೆಂಟ್ ಇಲ್ಲ. ಅಷ್ಟ ತಿಳಕೊಳ್ರಿ."

ಬೆಳಿಗ್ಗೆ ಎಂಟರಿಂದ ಸಂಜೆ ಏಳು ಅಂತ ಹಾಕಿಬಿಡಬಹುದಿತ್ತು. ಆದರೆ ಒಬ್ಬ ತಾಯಿ ತಲೆ ಮೇಲೆ ಜೋಳ ಹೊತ್ತು ಬಂದು ಕೀಲಿ ನೋಡಿ ತಿರುಗಿ ಹೋದರೆ, ಆ ಶಾಪ ಗಿರಣಿಗೂ ತಟ್ಟುತ್ತದೆ, ನನಗೂ ತಟ್ಟುತ್ತದೆ. ಅದಕ್ಕೆ 'ಕರೆಂಟ್ ನೋಡಿಕೊಂಡು ತೆರೆದಿರುತ್ತದೆ, ಬರುವ ಮೊದಲು ಫೋನ್ ಮಾಡಿ' ಅಂತ ನಂಬರಿನ ಜೊತೆ ಹಾಕಿದೆ. ಅವರಿಗೂ ಇದು ಹಿಡಿಸಿತು. ಕರೆಂಟ್ ಬಂದ ಕೂಡಲೇ ಪುಟದ ಮೇಲೆ 'ಈಗ ತೆರೆದಿದೆ' ಅಂತ ಬದಲಿಸುವುದನ್ನು ಎರಡೇ ದಿನದಲ್ಲಿ ಕಲಿತರು. ಅವರಷ್ಟು ಚೊಕ್ಕಟವಾಗಿ ಪುಟ ನೋಡಿಕೊಳ್ಳುವ ಗಿರಾಕಿ ನನಗೆ ಇನ್ನೊಬ್ಬರಿಲ್ಲ.

ಮುಂದಿನ ಸಲ ಹೋದಾಗ ಎದೆ ಉಬ್ಬಿಸಿಕೊಂಡು ಹೇಳಿದರು: "ಮೇಡಂ, ಈಗ ಊರ ಮಂದಿ ಎಲ್ಲ ನನ್ನ ಪುಟ ನೋಡಿನ ಮೋಟರ್ ಚಾಲೂ ಮಾಡ್ತಾರ್ರಿ. ಮೊನ್ನೆ ಲೈನ್‌ಮನ್ನೂ ನನಗ ಫೋನ್ ಹಚ್ಚಿ, ಕರೆಂಟ್ ಬಂತೇನ್ರಿ ಅಂತ ಕೇಳಿದ!"

ಐದು ಚುಕ್ಕಿ

ಬಾದಾಮಿಯಲ್ಲಿ ಗುಹೆಗಳಿಗೆ ಹೋಗುವ ದಾರಿಯಲ್ಲಿ ಒಬ್ಬ ಅಕ್ಕ ಖಾನಾವಳಿ ನಡೆಸುತ್ತಾರೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಊಟ ಮಾಡಿದವರು ಇಂಟರ್ನೆಟ್‌ನಲ್ಲಿ ಅಭಿಪ್ರಾಯ ಬರೆದರೆ ಹೊಸಬರಿಗೆ ನಂಬಿಕೆ ಬರುತ್ತದೆ ಅಂತ ನಾನು ಅವರಿಗೆ ಹೇಳಿದ್ದೆ. ಉಂಡವರು ಬರೆಯಬೇಕು ಅನ್ನುವುದನ್ನು ಒತ್ತಿ ಹೇಳದಿದ್ದುದು ನನ್ನ ತಪ್ಪು.

ಒಂದೇ ದಿನ ಹತ್ತೊಂಬತ್ತು ಅಭಿಪ್ರಾಯ ಬಂದವು. ಎಲ್ಲದಕ್ಕೂ ಐದೈದು ಚುಕ್ಕಿ. ನಾನು ಓದುತ್ತ ಹೋದೆ. 'ನಾನು ಇವರ ಮೈದುನ. ಇನ್ನೂ ಹೋಗಿಲ್ಲ. ಚಲೋ ಇರ್ತೈತಿ ಅಂತಾರ.' ಇನ್ನೊಂದು: 'ನಮ್ಮ ಚಿಗವ್ವನ ಕೈರುಚಿ ಒಂದ ನಂಬರ್. ಮದುವಿಗೆ ಯಾಕ ಬರಲಿಲ್ಲ?' ಮತ್ತೊಂದು: 'ಊಟ ಭಾಳ ಚಲೋ. ಅಕ್ಕಾ, ಅವ್ವಗ ಜ್ವರ ಬಂದಾವು. ಫೋನ್ ಎತ್ತು.'

"ಅಕ್ಕಾರ, ಇವೆಲ್ಲ ತಗಸ್ರಿ. ಉಣ್ಣದವರು ಬರದ್ರ ಅದು ಸುಳ್ಳು. ಒಂದು ಸುಳ್ಳು ಸಿಕ್ತಂದ್ರ ಓದಿದವರು ಖರೇದನ್ನೂ ನಂಬೂದಿಲ್ಲ," ಅಂದೆ.

ಅವರು ಮೊದಲು ತಾಯಿಗೆ ಫೋನ್ ಮಾಡಿ ಜ್ವರ ವಿಚಾರಿಸಿದರು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಬರೆದದ್ದನ್ನು ತೆಗೆಸಿದರು. ಕೊನೆಗೆ ಉಳಿದದ್ದು, ಇವಕ್ಕಿಂತ ಮೊದಲೇ ಯಾವಾಗಲೋ ಬಂದಿದ್ದ ಒಂದೇ ಅಭಿಪ್ರಾಯ. ಪುಣೆಯ ಪ್ರವಾಸಿಯೊಬ್ಬರದು, ಒಂದೇ ಚುಕ್ಕಿ: 'ಕಿಟಕಿಯಿಂದ ಮಂಗ ಬಂದು ನನ್ನ ರೊಟ್ಟಿ ಕಸಿದುಕೊಂಡು ಹೋಯಿತು.'

ಅಕ್ಕನ ಮುಖ ಸಣ್ಣಗಾಯಿತು. "ಇದನ್ನೂ ತಗೀರಿ."

"ಇದು ಖರೆ ಐತಲ್ರಿ. ತಗಿಯಾಕ ಬರೂದಿಲ್ಲ. ಉತ್ತರ ಬರೀರಿ."

ಅವರು ಹಿಟ್ಟಿನ ಕೈ ಒರೆಸಿಕೊಂಡು ಹೇಳುತ್ತ ಹೋದರು, ನಾನು ಬರೆದೆ. 'ತಪ್ಪಾತ್ರಿ. ಕಿಟಕಿಗೆ ಜಾಳಗಿ ಹಾಕಿಸೇವಿ. ನೀವು ಅರ್ಧ ಹೊಟ್ಟೀಲೆ ಹೋಗಿದ್ದು ನನಗ ಗೊತ್ತಾಗಲಿಲ್ಲ. ಮತ್ತ ಬಾದಾಮಿಗೆ ಬಂದ್ರ ಆ ರೊಟ್ಟಿ ನಮ್ಮ ಕಡೆ ಬಾಕಿ ಐತಿ. ಮಂಗ ಮದ್ಲ ಪಕ್ಕದ ಹೋಟೆಲ್ ನೋಡಿ, ಬ್ಯಾಡಾಗಿ ನಮ್ಮಲ್ಲಿಗೆ ಬಂದಿತ್ತು.' ಕೊನೆಯ ಸಾಲು ಬೇಡ, ಪಕ್ಕದವರ ಸುದ್ದಿ ನಮಗೇಕೆ ಅಂತ ಅದನ್ನು ನಾನು ತೆಗೆದೆ. ಅಕ್ಕ ಎರಡು ದಿನ ನನ್ನ ಮೇಲೆ ಸಿಟ್ಟಾಗಿದ್ದರು.

ಆ ಉತ್ತರ ಓದಿದ ಮಂದಿ ಬರತೊಡಗಿದರು. ಉಂಡು, ಖರೇ ಚುಕ್ಕಿ ಕೊಟ್ಟು ಹೋದರು. ಒಮ್ಮೆ ನಾನು ಅಲ್ಲಿ ಊಟಕ್ಕೆ ಕೂತಿದ್ದಾಗ ಮೈಸೂರು ಕಡೆಯ ಒಂದು ಕುಟುಂಬ ಬಂತು. ಒಳಗೆ ಬಂದವರೇ, "ಮಂಗ ಬರುವ ಟೇಬಲ್ ಯಾವುದು? ಮಕ್ಕಳು ಅಲ್ಲೇ ಕೂರಬೇಕು ಅಂತಿದ್ದಾರೆ" ಅಂದರು.

ಅಕ್ಕ ರೊಟ್ಟಿ ಬಡಿಯುತ್ತಲೇ ಹೇಳಿದರು: "ಜಾಳಗಿ ಹಾಕಿಸಿದಾಗಿಂದ ಅದು ಕೆಲಸ ಬಿಟ್ಟೈತ್ರಿ."

ಮುಂದೆ ಬರೀ ನೀರು

ಬಾಗಲಕೋಟೆಯ ಹಳೇ ಊರಿನ ಒಂದು ಭಾಗ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಾಗೆ ಮುಳುಗಿದ ಒಂದು ಓಣಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಹಿರಿಯರು ಈಗ, ಮನೆ ಕಳೆದುಕೊಂಡವರಿಗೆಂದು ಕಟ್ಟಿದ ನವನಗರದಲ್ಲಿ ಮಗನ ಜೊತೆ ಕೂತು ಅದೇ ಕೆಲಸ ಮಾಡುತ್ತಾರೆ. ಒಂದು ದಿನ ಮಗ ಅವರನ್ನು ಕರೆದುಕೊಂಡು ನನ್ನಲ್ಲಿಗೆ ಬಂದ. ಹಿರಿಯರ ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಹಟ.

ಆಗಿದ್ದಿಷ್ಟು. ಹುನಗುಂದದಿಂದ ಒಬ್ಬರು ಅಜ್ಜನ ಕಾಲದ ಗೋಡೆ ಗಡಿಯಾರ ಹೊತ್ತುಕೊಂಡು, ಫೋನಿನ ನಕಾಶೆ ತೋರಿಸಿದ ದಾರಿ ಹಿಡಿದು ಬಂದು, ಹಿನ್ನೀರಿನ ದಂಡೆಯ ಮೇಲೆ ನಿಂತು ಫೋನ್ ಮಾಡಿದ್ದರು. "ನಿಮ್ಮ ಅಂಗಡಿ ಇನ್ನ ಸ್ವಲ್ಪ ಮುಂದ ಐತಿ ಅಂತ ಫೋನ್ ಹೇಳಾಕತ್ತೈತ್ರಿ. ಮುಂದ ಬರೇ ನೀರು ಐತಿ. ದೋಣಿ ಕಳಸ್ತೀರೇನು?"

ನಕಾಶೆಯಲ್ಲಿ ಗುರುತು ಇಟ್ಟವರು ಹಿರಿಯರೇ. "ನಾ ತಪ್ಪು ಇಟ್ಟಿಲ್ರಿ," ಅಂದರು. "ಸರೀ ನೋಡಿನ ಇಟ್ಟೇನಿ. ಎಡಕ್ಕ ಬಳಿ ಅಂಗಡಿ ಇತ್ತು, ಬಲಕ್ಕ ಹೊಲಿಗಿ ಮಷೀನಿನವರು. ನಡುವ ನಮ್ಮದು. ಇವತ್ತೂ ಅಲ್ಲೇ ಐತಿ, ಕೆಳಗ."

ಮಗ ತಲೆ ತಗ್ಗಿಸಿದ. ನಾನು ನಕಾಶೆ ತೆರೆದು ಪರದೆಯನ್ನು ಹಿರಿಯರ ಕಡೆ ತಿರುಗಿಸಿದೆ. ಆಮೇಲೆ ಹೇಳಿದೆ: "ಹಳೇ ಗಿರಾಕಿಗಳು ನಿಮ್ಮನ್ನ ಇನ್ನೂ ಆ ಓಣಿ ಹೆಸರಲೇ ಹುಡುಕ್ತಾರ್ರಿ. ಅದಕ್ಕ ಆ ಓಣಿ ಹೆಸರು ಪುಟದಾಗ ಇರ್ಲಿ, ಹಳೇ ಅಂಗಡಿ ಫೋಟೋನೂ ಇರ್ಲಿ. ಅಲ್ಲಿದ್ದದ್ದು ಈಗ ನವನಗರಕ್ಕ ಬಂದೈತಿ ಅಂತ ಬರೆಯೋಣು. ನಕಾಶಿ ಗುರುತು ಅಷ್ಟ ದಂಡಿ ಮ್ಯಾಲ ತರೋಣು. ಪಾಪ, ಗಡಿಯಾರ ಹೊತ್ಕೊಂಡ ಬಂದವರು ಎಲ್ಲಿ ಹೋಗಬೇಕು?"

ಹಿರಿಯರು ಬಹಳ ಹೊತ್ತು ಪರದೆಯ ಮೇಲಿನ ಆ ನೀಲಿ ನೀರನ್ನೇ ನೋಡಿದರು. ಆಮೇಲೆ ತಮ್ಮ ಬೆರಳಿನಿಂದಲೇ ಗುರುತನ್ನು ಮೆಲ್ಲಗೆ ಎಳೆದುಕೊಂಡು ಬಂದು ನವನಗರದಲ್ಲಿ ಬಿಟ್ಟರು.

"ಆತು. ಆದ್ರ ಒಂದು ಸಾಲು ಹೆಚ್ಚಿಗಿ ಬರೀರಿ. ನೀರಿಗೆ ಬಿದ್ದ ಗಡಿಯಾರನೂ ರಿಪೇರಿ ಮಾಡ್ತೇವಿ ಅಂತ."

ಖರೆ ಇಲ್ಲದ್ದನ್ನು ನಾನು ಬರೆಯುವುದಿಲ್ಲವಲ್ಲ. "ಖರೇನ ಮಾಡ್ತೀರೇನ್ರಿ?" ಅಂತ ಕೇಳಿದೆ.

"ಊರೇ ನೀರಾಗ ಬಿದ್ದಾಗ ಎತ್ತಿ ಒಣಗಿಸಿ ನಡಸೇವಿ," ಅಂದರು. "ಗಡಿಯಾರ ಏನ್ ದೊಡ್ಡದು?"

ಎರಡನೇ ನಂಬರಿನ ಸೀರೆ

ಇಳಕಲ್ಲಿನ ಒಂದು ಮಗ್ಗದ ಮನೆ. ಅಲ್ಲಿ ನೇಯುವಾಕೆಯ ಬಲಗೈ ಮೇಲೆ ಹಸಿರು ಹಚ್ಚೆ ಇದೆ, ಸಣ್ಣ ತುಳಸಿ ಕಟ್ಟೆಯ ಆಕಾರದ್ದು. ಆ ಹಚ್ಚೆಯಿಂದಲೇ ಎಲ್ಲ ಶುರುವಾಯಿತು.

'ಕೈಮಗ್ಗದ ಇಳಕಲ್ ಸೀರೆ' ಅಂತ ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಬರುತ್ತಿದ್ದದ್ದು ದೂರದ ದೊಡ್ಡ ಊರಿನ ಒಂದು ಅಂಗಡಿ. ಅದರ ಪುಟದ ನೆತ್ತಿಯ ಮೇಲೆ ಮಗ್ಗದಲ್ಲಿ ನೇಯುವ ಎರಡು ಕೈಗಳ ಫೋಟೋ. ಬಲಗೈ ಮೇಲೆ ಹಸಿರು ತುಳಸಿ ಕಟ್ಟೆ. ಯಾವತ್ತೋ ಬಂದ ಪ್ರವಾಸಿಗಳು ತೆಗೆದ ಫೋಟೋ ಹೇಗೋ ಅಲ್ಲಿಗೆ ಹೋಗಿತ್ತು. ಅವರು ಮಾರುತ್ತಿದ್ದದ್ದು ಮಾತ್ರ ಯಂತ್ರದ ಮಗ್ಗದ ಸೀರೆ.

"ಕೈ ನಂದು, ಸೀರಿ ಯಾರದೋ!" ಅಂತ ಆಕೆ ಕಿಡಿಕಾರಿದಳು. ಫೋಟೋ ತೆಗೆಯಿರಿ ಅಂತ ಆ ಅಂಗಡಿಗೆ ಎರಡು ಸಲ ಬರೆದೆವು. ಉತ್ತರ ಇಲ್ಲ. ಯಾರೋ ಒಬ್ಬ, ಅವರ ಪುಟಕ್ಕೆ ಸುಳ್ಳು ದೂರು ಬರೆಸಿ ಅವರನ್ನು ಕೆಳಗೆ ಬೀಳಿಸಿ ಕೊಡುತ್ತೇನೆ ಅಂತ ಮುಂದೆ ಬಂದ. ನಾನು ಬಾಯಿ ತೆರೆಯುವ ಮೊದಲೇ ಆಕೆ ಅವನಿಗೆ ಹೇಳಿದಳು: "ಸುಳ್ಳು ಬರ್ಯಾವ್ರು ಅವರು. ನಾನೂ ಅದನ್ನ ಮಾಡಿದ್ರ ನನಗೂ ಅವರಿಗೂ ಏನ್ ಫರಕು? ನಾ ನೇಯಾಕಿ. ನೇಯೂದರ ಬಗ್ಗೆ ಬರಸ್ತೇನಿ."

ಆಕೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಹೇಳುತ್ತ ಹೋದಳು, ನಾನು ಪಕ್ಕದಲ್ಲಿ ಕೂತು ಟೈಪ್ ಮಾಡಿದೆ. ಸೆರಗಿನ ದಾರ ಬೇರೆ, ಮೈದಾರ ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಸೀರೆ ತಿರುವಿ ಆ ಕೊಂಡಿ ಹೇಗೆ ನೋಡಬೇಕು, ಯಂತ್ರದ ಸೀರೆಯಲ್ಲಿ ಏನು ಕಾಣುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದಳು. ಯಂತ್ರದ ಸೀರೆಯೂ ಕೆಟ್ಟದ್ದಲ್ಲ, ಅದನ್ನು ಅದರ ಹೆಸರಿನಿಂದಲೇ ಮಾರಿದರೆ ಸಾಕು ಅಂತಲೂ ಸೇರಿಸಿದಳು. 'ಇವತ್ತು ತಯಾರಿರುವ ಸೀರೆ ಎರಡು. ಉಳಿದವರು ಕಾಯಬೇಕು' ಅನ್ನುವುದು ಕೊನೆಯ ಸಾಲು. ನಾನು ಬರೆದ ಪುಟಗಳಲ್ಲೆಲ್ಲ ನನಗೆ ಹೆಮ್ಮೆ ಇರುವುದು ಅದೊಂದರ ಬಗ್ಗೆ. ಅದರಲ್ಲಿ ನನ್ನದೊಂದು ಶಬ್ದವೂ ಇಲ್ಲ.

ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಓದಿದವರು ಬೇರೆಯವರಿಗೆ ಕಳಿಸಿದರು. ಬಟ್ಟೆಯ ಬಗ್ಗೆ ಪಾಠ ಮಾಡುವ ಟೀಚರೊಬ್ಬರು ಮಕ್ಕಳಿಗೆ ಓದಲು ಕೊಟ್ಟರು. ಪುಟ ಮೆಲ್ಲಗೆ ಮೇಲೆ ಹತ್ತಿ ಎರಡನೇ ನಂಬರಿಗೆ ಬಂದು ನಿಂತಿತು. ಮೊದಲನೆಯದು ಇನ್ನೂ ಆ ಅಂಗಡಿಯದೇ.

ಒಂದು ದಿನ ದೂರದ ಊರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಮಗಳ ಮದುವೆಗೆ ಸೀರೆ ಬೇಕು, ಎಷ್ಟು ದಿನ ಆದರೂ ಕಾಯುತ್ತೇನೆ ಅಂದಳು. ಸೀರೆ ತಯಾರಾದ ದಿನ ನಾನೂ ಹೊಸ ಫೋಟೋ ತೆಗೆಯಲು ಅಲ್ಲೇ ಇದ್ದೆ. ಕಾರಿನಿಂದ ಆಕೆಯ ಗಂಡ ಇಳಿದು ಬಂದರು. ಹೆಂಡತಿ ಹೇಳಿ ಕಳಿಸಿದ್ದಳೆಂದು ಕಾಣುತ್ತದೆ, ಫೋನಿನಲ್ಲಿ ನಮ್ಮ ಪುಟ ತೆರೆದು ಹಿಡಿದು, ಸೀರೆ ತಿರುವಿ, ಒಂದೊಂದು ಕೊಂಡಿ ತಾಳೆ ನೋಡಿದರು. ನೇಯುವಾಕೆ ನಗುತ್ತ ನಿಂತಿದ್ದಳು.

ನನಗೆ ಮಾತ್ರ ಆ ಮುಖ ಎಲ್ಲೋ ನೋಡಿದ ಹಾಗಿತ್ತು. ಫೋನ್ ತೆಗೆದು ಆ ಮೊದಲನೇ ನಂಬರಿನ ಪುಟ ತೆರೆದೆ. ಮೇಲೆ ಎರಡು ಕೈ, ಕೆಳಗೆ ಮಾಲೀಕರ ನಗುಮುಖ. ಅವರೇ! ಫೋನನ್ನು ನೇಯುವಾಕೆಯ ಕೈಗೆ ಕೊಟ್ಟೆ.

ಆಕೆ ಫೋನ್ ನೋಡಿದಳು, ಅವರನ್ನು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಅವರ ಮುಂದೆ ಚಾಚಿದಳು. "ಇದನ್ನ ಎಲ್ಲೆರ ನೋಡೀರೇನ್ರಿ?"

ಅವರು ಹಚ್ಚೆ ನೋಡಿದರು. ಮುಖದ ನೀರು ಇಳಿಯಿತು. ನಾವು ಬರೆದದ್ದು ಅವರ ತನಕ ಹೋಗಿರಲಿಲ್ಲವೇನೋ, ಫೋಟೋ ಯಾರದೆಂದು ಅವರಿಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲವೆಂದು ಕಾಣುತ್ತದೆ. "ತಪ್ಪಾತ್ರಿ ಅಕ್ಕಾರ," ಅಂದರು.

ಆಕೆ ಬೈಯಲಿಲ್ಲ. ಒಂದು ಚಾಪೆ ಹಾಸಿ, ಚಹಾ ಕೊಟ್ಟು, "ಕುಂಡ್ರಿ. ಫೋಟೋ ತಗೀರಿ, ಯಂತ್ರದ ಸೀರಿಗೆ ಯಂತ್ರದ್ದು ಅಂತ ಬರೀರಿ. ಆಮ್ಯಾಲ ಸೀರಿ ಕೊಡ್ತೇನಿ" ಅಂದಳು. ಅವರು ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಎರಡನ್ನೂ ಮಾಡಿಸಿದರು. ಮಾಡಿದ್ದಾರೋ ಇಲ್ಲವೋ ಅಂತ ನಾನು ಪುಟ ತೆರೆದು ಖಾತ್ರಿ ಮಾಡಿಕೊಂಡೆ. ಆಕೆ ಸೀರೆಗೆ ಅರಿಷಿಣ ಕುಂಕುಮ ಹಚ್ಚಿ, ಮಗಳಿಗೆ ಒಳ್ಳೆಯದಾಗಲಿ ಅಂತ ಹರಸಿ ಕೈಗಿಟ್ಟಳು.

ಅವರು ಕಾರು ಹತ್ತುವಾಗ ಆಕೆಗೆ ತಡೆಯಲಿಲ್ಲ. ಬಾಗಿಲ ತನಕ ಹೋಗಿ ಕೇಳಿಯೇಬಿಟ್ಟಳು: "ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಅಂಗಡಿ ಒಂದನೇ ನಂಬರ್, ನಮ್ಮದು ಎರಡು. ನಿಮ್ಮನಿಯವರು ಹುಡುಕಿದಾಗ ನಿಮ್ಮದು ಕಾಣಲಿಲ್ಲೇನು?"

ಅವರು ಕಾರಿನ ಬಾಗಿಲು ಹಿಡಿದುಕೊಂಡೇ ಸಣ್ಣ ದನಿಯಲ್ಲಿ ಹೇಳಿದರು:

"ಕಂಡಿತ್ರಿ. ಮದ್ಲ ನಮ್ಮದ ಬಂತು. 'ಅಯ್ಯ, ಇದು ನಮ್ಮದು, ಬ್ಯಾಡ' ಅಂತ ಕೆಳಗಿನದು ಒತ್ತಿದ್ಳು."